ಕರು, ಕಂದು, ಕಂದ: ಒಂದು ಪದದ ಬಳ್ಳಿ

ಬಸವಣ್ಣನವರು ತಮ್ಮ ವಚನವೊಂದರಲ್ಲಿ ಕೂಡಲಸಂಗಮದೇವನಿಗಾಗಿ ಹಂಬಲಿಸುವ ತಮ್ಮನ್ನು ತಾಯಿಹಸುವನ್ನು ಕಾಣದೆ ಕಂಗೆಟ್ಟ ಎಳಗರುವಿಗೆ ಹೋಲಿಸಿಕೊಂಡಿದ್ದಾರೆ. ‘ಎಳ’ ಮತ್ತು ‘ಕರು’ ಸೇರಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ‘ಎಳಗರು’ ಆಗಿದೆ. ಈ ‘ಕರು’ ಪದದ ಚರಿತ್ರೆಯನ್ನು ಅರಿತರೆ ಆ ಹೋಲಿಕೆಯ ಆಳವು ಗೋಚರಿಸುತ್ತದೆ.

ಕರುವನ್ನು ‘ಕರುಣೆ’ಯೊಡನೆ ಬೆಸೆಯಬೇಕೆನಿಸುವುದು ಸಹಜ. ಆದರೆ ಕರುಣೆಯು ಸಂಸ್ಕೃತದಿಂದ ಬಂದ ಪದ, ಕರು ಅಚ್ಚಗನ್ನಡ. ಹಳಗನ್ನಡದಲ್ಲಿ ಇದರ ರೂಪ ‘ಕಱು’. ನಡುಗನ್ನಡದ ಕಾಲಕ್ಕೆ ಱಕಾರವು ರಕಾರದಲ್ಲಿ ಬೆರೆತು ‘ಕರು’ ಉಳಿಯಿತು. ತಮಿಳಿನಲ್ಲಿ ಇದೇ ಪದ ‘ಕನ್ಱು’. ತಮಿಳಿನ ‘ಮೂನ್ಱು’ ಕನ್ನಡದಲ್ಲಿ ‘ಮೂಱು’ ಆದಂತೆ ಕನ್ಱು ‘ಕಱು’ ಆಗಿದೆ. ‘ಒನ್ಱು’ ಎಂಬುದು ‘ಒಂದು’ ಆದಂತೆ ‘ಕಂದು’ ಎಂದೂ ಆಗಿದೆ. ತುಳುವಿನ ‘ಕಂಜಿ’ಯೂ ಇದೇ ಬಳಗದ್ದು. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತಕೋಶವು (1961, ಪರಿಷ್ಕೃತ ಆವೃತ್ತಿ 1984) ಇವುಗಳನ್ನು ಒಂದೇ ಮೂಲದಡಿ ಇರಿಸಿದೆ. ಮಗುವನ್ನು ಕರೆಯುವ ನಮ್ಮ ‘ಕಂದ’ ಪದಕ್ಕೂ ಅಲ್ಲಿಯೇ ಸ್ಥಾನ.

ಅರ್ಥದ ಹರಹು ಇನ್ನೂ ಸ್ವಾರಸ್ಯಕರವಾದುದು. ತಮಿಳಿನಲ್ಲಿ ಆನೆ, ಜಿಂಕೆಗಳ ಮರಿಯೂ ಕನ್ಱು, ಎಳೆಯ ಸಸಿಯೂ ಕನ್ಱು. ಕನ್ನಡದಲ್ಲಿ ಕರು ಮುಖ್ಯವಾಗಿ ಹಸು-ಎಮ್ಮೆಗಳಿಗೆ ಸೀಮಿತವಾಯಿತು; ಉಳಿದ ಅನೇಕ ಪ್ರಾಣಿಗಳಿಗೆ ‘ಮರಿ’ ಸಂದಿತು. ಮಠಪರಂಪರೆಯಲ್ಲಿ ಕಿರಿಯ ಸ್ವಾಮಿಗಳನ್ನು ‘ಮರಿದೇವರು’ ಎನ್ನುವುದನ್ನು ಇಲ್ಲಿ ನೆನೆಯಬಹುದು. ಆದರೆ ತೋಟದಲ್ಲಿ ಹಳೆಯ ಅರ್ಥ ಅಳಿದಿಲ್ಲ. ತಾಯಿಬಾಳೆಯ ಬುಡದಿಂದ ಮೂಡುವ ಚಿಗುರನ್ನು ರೈತರು ಇಂದಿಗೂ ‘ಬಾಳೆಯ ಕಂದು’ ಎನ್ನುತ್ತಾರೆ. ಅದು ಬೀಜದಿಂದ ಬಂದುದಲ್ಲ; ತಾಯಿಯ ಗೆಡ್ಡೆಯಿಂದಲೇ ಒಡೆದು, ಅದರ ರಸವನ್ನೇ ಉಂಡು ಬೆಳೆಯುವಂಥದು.

ಹಟ್ಟಿಯ ಕರು, ತೋಟದ ಕಂದು, ತೊಟ್ಟಿಲ ಕಂದ: ಮೂರಕ್ಕೂ ಬೇರು ಒಂದೇ, ಭಾವವೂ ಒಂದೇ. ತಾಯಿಯಿಂದ ಮೂಡಿ, ತಾಯಿಯನ್ನೇ ಆಶ್ರಯಿಸಿದ ಎಳೆಯ ಜೀವ. ಕರು ತಾಯಿಯ ಮುಂದೆ ಭಿಕ್ಷುಕನಂತೆ ನಿಲ್ಲುವುದಿಲ್ಲ. ಕೆಚ್ಚಲು ಅದಕ್ಕೆ ಹುಟ್ಟಿನಿಂದ ಬಂದ ಹಕ್ಕು. ಬಸವಣ್ಣನವರ ಮೊರೆಯನ್ನು ಬರಿಯ ದೈನ್ಯವೆಂದು ಬಗೆದರೆ ಅದು ಅರ್ಧ ಅರ್ಥ ಮಾತ್ರ. ದೈನ್ಯದ ಒಳಗೆ ‘ನಾನು ನಿನ್ನವನು’ ಎಂಬ ಭರವಸೆಯಿದೆ. ಅಗಲಿದ ನೋವು ಅಷ್ಟು ತೀವ್ರವಾಗಿರುವುದು ಸಂಬಂಧವು ಅಷ್ಟು ನಿಜವಾಗಿರುವುದರಿಂದಲೇ. ಪೂಜೆಯ ವೇಳೆ ಅಂಗೈಯ ಇಷ್ಟಲಿಂಗವನ್ನು ನೋಡುವ ಭಕ್ತನಿಗೆ ಈ ಪುಟ್ಟ ಪದ ನೆನಪಿಸುವುದೂ ಅದನ್ನೇ.