ಅಥೆನ್ಸ್ ನಗರದ ನಾಲ್ವರೂ ಅವರ ಹನ್ನೆರಡು ಹಾಡುಗಳೂ

ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕಿವಿಗೆ ಬಿದ್ದೊಡನೆ ದುಷ್ಯಂತನ ಮನಸ್ಸು ಕಾರಣವಿಲ್ಲದೆ ಕಳವಳಗೊಳ್ಳುವುದು. ತಾನು ಮರೆತುದೇನೆಂಬುದು ಅವನಿಗೆ ತಿಳಿಯದು. ಆ ಹಾಡು ಮಾತ್ರ ಅದನ್ನು ಎಲ್ಲಿಯೋ ಮುಟ್ಟಿರುವುದು. ಗೀತದ ಈ ಶಕ್ತಿಯನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರ ಕಾಲದಲ್ಲಿ ಹಾಡೆಂಬುದು ಹಾಡಿದವರ ಉಸಿರಿನೊಡನೆಯೇ ಅಡಗಿಹೋಗುತ್ತಿತ್ತು. ಧ್ವನಿಮುದ್ರಿಕೆ ಬಂದಮೇಲೆ ಅದೇ ಕಂಠವು ಮೂವತ್ತು ವರ್ಷಗಳ ಅನಂತರವೂ ಎಳ್ಳಷ್ಟೂ ಬದಲಾಗದೆ ಕೇಳಿಬರುವುದು. ಬದಲಾಗಿರುವವನು ಕೇಳುವವನೊಬ್ಬನೇ. ಈ ವೈಚಿತ್ರ್ಯಕ್ಕೆ ಅಮೆರಿಕಾ ದೇಶದ ಒಂದು ವಾದ್ಯಗೋಷ್ಠಿಯ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಆ ದೇಶದ ಜಾರ್ಜಿಯಾ ಸಂಸ್ಥಾನದಲ್ಲಿ ಅಥೆನ್ಸ್ ಎಂಬ ವಿಶ್ವವಿದ್ಯಾನಿಲಯದ ಊರುಂಟು. ಯವನರ ರಾಜಧಾನಿಯ ಹೆಸರನ್ನು ವಿದ್ಯಾಭಿಮಾನದಿಂದ ಎರವಲು ಪಡೆದ ಊರದು. ಅಲ್ಲಿ ಪಾಳುಬಿದ್ದಿದ್ದ ಒಂದು ಇಗರ್ಜಿಯಲ್ಲಿ ೧೯೮೦ನೆಯ ಇಸವಿ ಏಪ್ರಿಲ್ ೫ರಂದು, ಸ್ನೇಹಿತೆಯೊಬ್ಬಳ ಹುಟ್ಟುಹಬ್ಬದ ಸಂತೋಷಕೂಟಕ್ಕಾಗಿ, ನಾಲ್ವರು ತರುಣರು ಮೊದಲ ಬಾರಿಗೆ ಹಾಡಿದರು. ಹಾಡಿದವನು ಮೈಕೆಲ್ ಸ್ಟೈಪ್. ಗಿಟಾರ್ ನುಡಿಸಿದವನು ಧ್ವನಿಮುದ್ರಿಕೆಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ ಪೀಟರ್ ಬಕ್. ಮಂದ್ರದ ಗಿಟಾರ್ ಮೈಕ್ ಮಿಲ್ಸನದು, ಡೋಲು ಬಿಲ್ ಬೆರಿಯದು. ಕೊನೆಯ ಇಬ್ಬರು ಬಾಲ್ಯದ ಸಹಪಾಠಿಗಳು. ಸ್ವಪ್ನ ಕಾಣುವ ನಿದ್ರಾವಸ್ಥೆಗೆ ವೈದ್ಯಶಾಸ್ತ್ರವು ಕೊಟ್ಟಿರುವ ಹೆಸರಿನ ಮೂರಕ್ಷರಗಳನ್ನು ಹಿಡಿದು ಇವರು ತಮ್ಮನ್ನು 'ಆರ್. ಇ. ಎಂ.' ಎಂದು ಕರೆದುಕೊಂಡರು. ಆ ಇಗರ್ಜಿಯನ್ನು ೧೯೯೦ರಲ್ಲಿ ಕೆಡವಿದರು. ಗೋಪುರವನ್ನು ಮಾತ್ರ ಉಳಿಸಿದರು.

ಇವರ ಸಂಗೀತಕ್ಕೆ 'ಆಲ್ಟರ್ನೇಟಿವ್ ರಾಕ್' ಎಂದು ಹೆಸರು. ಪರ್ಯಾಯ ಮಾರ್ಗದ್ದೆಂದು ಅರ್ಥಮಾಡಬಹುದು. ದೊಡ್ಡ ವ್ಯಾಪಾರದ ರೇಡಿಯೋ ನಿಲಯಗಳು ಇಂಥ ಹಾಡುಗಳಿಗೆ ಎಡೆಗೊಡುತ್ತಿರಲಿಲ್ಲ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ಸಣ್ಣ ನಿಲಯಗಳು, ಸಣ್ಣ ಅಂಗಡಿಗಳು, ಊರಿಂದೂರಿಗೆ ಬಂಡಿಯೇರಿ ಹೋಗಿ ಹಾಡುವ ತಿರುಗಾಟ, ಇವೇ ಅವಕ್ಕೆ ಆಸರೆ. ೧೯೮೩ರಲ್ಲಿ 'ಮರ್ಮರ್' ಎಂಬ ಮೊದಲ ಪೂರ್ಣ ಮುದ್ರಿಕೆಯು ಹೊರಬಂದಿತು. ಅದರ ಮೇಲುಹೊದಿಕೆಯಲ್ಲಿ ಗಾಯಕರ ಮುಖಗಳಿಲ್ಲ. ಜಪಾನಿನಿಂದ ಬಂದು ದಕ್ಷಿಣ ಸಂಸ್ಥಾನಗಳ ಹೊಲ, ಮರ, ಮನೆಗಳನ್ನೆಲ್ಲ ಮುಸುಕಿರುವ ಕುಡ್ಜು ಎಂಬ ಬಳ್ಳಿಯ ರಾಶಿಯೊಂದೇ ಇದೆ. ಸ್ಟೈಪನ ಉಚ್ಚಾರಣೆಯೂ ಹಾಗೆಯೇ. ನುಡಿಗಳು ಸ್ವರದಲ್ಲಿ ಮುಚ್ಚಿಹೋಗಿ ಇಂಗ್ಲಿಷರಿಗೂ ಅಮೆರಿಕದವರಿಗೂ ಅರ್ಥವಾಗುತ್ತಿರಲಿಲ್ಲ. ಆದರೂ ಯುವಕರು ಅದನ್ನು ಕಂಠಪಾಠ ಮಾಡಿದರು. ಅರ್ಥವರಿಯದೆ ಸ್ವಾಧ್ಯಾಯ ಮಾಡಿದ ಬಾಲ್ಯವುಳ್ಳ ವಾಚಕರಿಗೆ ಇದು ಅಷ್ಟೇನೂ ಸೋಜಿಗವೆನಿಸಲಾರದು.

ಹನ್ನೊಂದು ವರ್ಷಗಳ ದುಡಿಮೆಯ ಮೇಲೆ, ೧೯೯೧ರಲ್ಲಿ, ಇವರಿಗೆ ಲೋಕವ್ಯಾಪ್ತವಾದ ಕೀರ್ತಿ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ನಿರ್ವಾಣ'ವೆಂಬ ಮತ್ತೊಂದು ಗೋಷ್ಠಿಯ 'ನೆವರ್‌ಮೈಂಡ್' ಹೊರಟು, ೧೯೯೨ರ ಜನವರಿಯಲ್ಲಿ ಮೈಕೆಲ್ ಜಾಕ್ಸನನನ್ನು ಕೆಳಗಿಳಿಸಿ ಮಾರಾಟದ ಪಟ್ಟಿಯ ತುದಿಯನ್ನೇರಿತು. ಕಾಲುದಾರಿಯು ಹೀಗೆ ರಾಜಮಾರ್ಗವಾಯಿತು. ಎಲ್ಲೆಲ್ಲಿಯೂ ಗಿಟಾರುಗಳ ಆರ್ಭಟ. ಇಂಥ ಸಮಯದಲ್ಲಿ ಈ ನಾಲ್ವರು ಮಾಡಿದ ಕೆಲಸವು ವ್ಯಾಪಾರದೃಷ್ಟಿಗೆ ವಿಪರೀತವಾಗಿಯೇ ತೋರುವಂಥದು. ಅವರು ತಿರುಗಾಟವನ್ನು ನಿಲ್ಲಿಸಿ, ದನಿಯನ್ನು ತಗ್ಗಿಸಿ, ಮುಪ್ಪು, ಮರಣ, ನೆನಪುಗಳನ್ನೇ ವಸ್ತುವಾಗಿ ಹಿಡಿದರು. ಅವರಲ್ಲಿ ಹಿರಿಯನಿಗೂ ಆಗ ಮೂವತ್ತಾರು ತುಂಬಿರಲಿಲ್ಲ.

೧೯೯೨ರ ಅಕ್ಟೋಬರಿನಲ್ಲಿ ಹೊರಬಂದ ಆ ಮುದ್ರಿಕೆಯೇ 'ಆಟೋಮ್ಯಾಟಿಕ್ ಫಾರ್ ದ ಪೀಪಲ್'. ಹೆಸರೇನೋ ಮರಣಕ್ಕೆ ಸಂಬಂಧಿಸಿದುದಲ್ಲ. ಅಥೆನ್ಸಿನ ವೀವರ್ ಡೀ ಎಂಬವನ ಊಟದ ಮನೆಯ ಘೋಷವಾಕ್ಯವದು. ಹೊದಿಕೆಯ ಮೇಲಿನ ನಕ್ಷತ್ರದಂಥ ಮುಳ್ಳುಗೋಲವು ಮಯಾಮಿ ನಗರದ ಒಂದು ತಂಗುಮನೆಯ ಅಲಂಕಾರ. ಹಾಡುಗಳು ಹನ್ನೆರಡು. ಅವುಗಳಲ್ಲಿ ಕೆಲವಕ್ಕೆ ಪಿಟೀಲು ಮೊದಲಾದ ತಂತಿವಾದ್ಯಗಳ ಮೇಳವನ್ನು ಸಂಯೋಜಿಸಿಕೊಟ್ಟವನು 'ಲೆಡ್ ಜೆಪ್ಪೆಲಿನ್' ಗೋಷ್ಠಿಯ ಜಾನ್ ಪಾಲ್ ಜೋನ್ಸ್. ಒಂದು ಹಾಡಿನಲ್ಲಿ ವೃದ್ಧಜೀವವೊಂದು ತನ್ನ ಕಡೆಯ ಉಸಿರನ್ನು ತಾನೇ ಬೀಳ್ಕೊಡುವುದು. ಇನ್ನೊಂದರಲ್ಲಿ ತಂದೆತಾಯಿಗಳನ್ನು ಮಣ್ಣುಮಾಡಿದ ಮಕ್ಕಳಿದ್ದಾರೆ. 'ಎವೆರಿಬಡಿ ಹರ್ಟ್ಸ್' ಎಂಬುದು ಜೀವನದಲ್ಲಿ ಬೇಸತ್ತ ಎಳೆಯರನ್ನುದ್ದೇಶಿಸಿದ್ದು. ಆದಕಾರಣವೇ, ಎಂದಿಗೂ ಸ್ಪಷ್ಟವಾಗಿ ನುಡಿಯದ ಸ್ಟೈಪನು ಅಲ್ಲಿ ಒಂದೊಂದು ಮಾತನ್ನೂ ಬಿಡಿಸಿ ನುಡಿದಿದ್ದಾನೆ. ಮಾತು ತಿಳಿಯಲೇಬೇಕಾದ ಎಡೆ ಯಾವುದೆಂಬ ವಿವೇಕವು ಅವನಿಗಿದ್ದಿತು.

ಆದರೆ ಮುದ್ರಿಕೆಯ ಪ್ರಾಣವು 'ನೈಟ್‌ಸ್ವಿಮಿಂಗ್' ಎಂಬ ಹನ್ನೊಂದನೆಯ ಹಾಡಿನಲ್ಲಿದೆಯೆಂದರೆ ತಪ್ಪಾಗಲಾರದು. ಅದರಲ್ಲಿ ಡೋಲಿಲ್ಲ, ಗಿಟಾರಿಲ್ಲ. ಮಿಲ್ಸನ ಪಿಯಾನೋ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುವುದು. ಕೊನೆಗೆ ಓಬೋ ಎಂಬ ಸುಷಿರವಾದ್ಯವೊಂದು ಬಂದು ಸೇರುವುದು. ಹಳೆಯ ಛಾಯಾಚಿತ್ರವೊಂದನ್ನು ಕಂಡವನು, ಹಿಂದೊಮ್ಮೆ ಇರುಳಿನಲ್ಲಿ ಗೆಳೆಯರೊಡನೆ ನೀರಿಗಿಳಿದು ಈಜಿದುದನ್ನು ನೆನೆಯುತ್ತಾನೆ. ಕಥೆಯಿಷ್ಟೇ. ನೆನಪನ್ನೇ ಕುರಿತ ಈ ಹಾಡು ಈಗ ತಾನೇ ನೆನಪಾಗಿ, ಅಂದು ಅದನ್ನು ಕೇಳಿದ ವಿದ್ಯಾರ್ಥಿಗಳು ಇಂದು ಐವತ್ತು ದಾಟಿ ಮತ್ತೆ ಕೇಳಿದಾಗ, ಹಾಡಿನೊಳಗಣ ಇರುಳಿಗೆ ತಮ್ಮ ಇರುಳುಗಳನ್ನೂ ಬೆರೆಸಿಕೊಳ್ಳುವರು.

ಈ ಮುದ್ರಿಕೆಯ ಅರ್ಥವನ್ನೇ ಬದಲಿಸಿದ ಘಟನೆಯೊಂದು ಬಳಿಕ ನಡೆಯಿತು. ನಿರ್ವಾಣ ಗೋಷ್ಠಿಯ ಕರ್ಟ್ ಕೋಬೇನನು ಸ್ಟೈಪನ ಮಿತ್ರ. ಅವನ ಅವಸ್ಥೆಯನ್ನು ಕಂಡು ಕಳವಳಪಟ್ಟ ಸ್ಟೈಪನು, ಕೂಡಿ ಹಾಡು ಕಟ್ಟೋಣವೆಂಬ ನೆವದಿಂದ ಅವನನ್ನು ತನ್ನೆಡೆಗೆ ಕರೆಸಿಕೊಳ್ಳಲು ಯತ್ನಿಸಿದನು. ಅದು ಕೈಗೂಡಲಿಲ್ಲ. ೧೯೯೪ರ ಏಪ್ರಿಲ್ ೫ರಂದು, ಪಾಳು ಇಗರ್ಜಿಯ ಆ ಮೊದಲ ಗಾನಕ್ಕೆ ಸರಿಯಾಗಿ ಹದಿನಾಲ್ಕು ವರ್ಷ ತುಂಬಿದ ದಿನ, ಕೋಬೇನನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ತನ್ನ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಆ ಮನೆಯ ವಾದಕಯಂತ್ರದಲ್ಲಿ ಇದ್ದುದು ಈ ಮುದ್ರಿಕೆಯೇ ಎಂದು ಅಂದು ವರದಿಯಾಯಿತು. ಬೇಸತ್ತ ಎಳೆಯರಿಗಾಗಿ ರಚಿತವಾದ ಹಾಡು ಹತ್ತಿರದಲ್ಲಿದ್ದೂ ಉಳಿಸಲಾರದಾಯಿತು. ಅದೇ ವರ್ಷ ಹೊರಟ 'ಮಾನ್‌ಸ್ಟರ್' ಎಂಬ ಮುದ್ರಿಕೆಯಲ್ಲಿ ಗತಿಸಿದವನನ್ನು ಕುರಿತ ಒಂದು ಹಾಡಿದೆ. ಅದಕ್ಕೆ ನುಡಿಸಿದ್ದು ಕೋಬೇನನದೇ ಗಿಟಾರ್. ಕಲೆಯ ಬಲವನ್ನು ಹೊಗಳುವವರು ಈ ಪ್ರಕರಣವನ್ನು ದಾಟಿ ಹೋಗಬಾರದು.

ಮುಂದಿನದು ಬೇಗ ಹೇಳಿ ಮುಗಿಸುವಷ್ಟೇ. ೧೯೯೫ರಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ರಂಗದ ಮೇಲೆಯೇ ಬೆರಿಗೆ ಮೆದುಳಿನ ರಕ್ತನಾಳ ಒಡೆಯಿತು. ಅವನು ಬದುಕಿಕೊಂಡು, ೧೯೯೭ರಲ್ಲಿ ಗೋಷ್ಠಿಯನ್ನು ಬಿಟ್ಟು ಬೇಸಾಯಕ್ಕೆ ತೊಡಗಿದನು. ಉಳಿದ ಮೂವರು ೨೦೧೧ರ ಸೆಪ್ಟೆಂಬರಿನಲ್ಲಿ ಜಗಳವಿಲ್ಲದೆ ಬೇರೆಯಾದರು. ಮತ್ತೆ ಕೂಡಿರೆಂದು ಎಷ್ಟು ಜನ ಎಷ್ಟು ಹಣ ತೋರಿಸಿದರೂ ಒಪ್ಪಲಿಲ್ಲ. ೨೦೨೪ರ ಜೂನ್ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಗೀತರಚಕರಿಗೆ ಗೌರವ ಸಲ್ಲಿಸುವ ಸಭೆಯೊಂದರಲ್ಲಿ, ನಾಲ್ವರೂ ಒಟ್ಟಿಗೆ ನಿಂತು ತಮ್ಮ ೧೯೯೧ರ ಪ್ರಸಿದ್ಧ ಹಾಡನ್ನು ಹಾಡಿದರು. ಒಂದೇ ಒಂದು ಹಾಡು. ಅದು ಮುಗಿದೊಡನೆ ರಂಗದಿಂದಿಳಿದರು.