ಸೇನಾಧಿಕಾರಿ ವರ್ಗದ ಭಾರತೀಕರಣ

ಬ್ರಿಟಿಷ್ ಆಳ್ವಿಕೆಯ ಕೊನೆಯ ಮೂರು ದಶಕಗಳಲ್ಲಿ ಸೇನೆಯ ಅಧಿಕಾರಿ ಹುದ್ದೆಗಳಿಗೆ ಭಾರತೀಯರನ್ನು ಸೇರಿಸಿಕೊಂಡು, ಸೇರಿದವರ ಬಡ್ತಿಯನ್ನು ನಿಯಮಗಳ ಮೂಲಕವೇ ನಿಧಾನಗೊಳಿಸಿದ ಪ್ರಕ್ರಿಯೆ. 1917ರಲ್ಲಿ ಆರಂಭವಾಯಿತು. ಭೂಸೇನೆಯ ಮಟ್ಟಿಗೆ ಇದು ಮುಗಿದದ್ದು 1949ರ ಜನವರಿ 15ರಂದು, ಕೊಡಗಿನ ಕೆ.ಎಂ. ಕಾರ್ಯಪ್ಪ ಮಹಾದಂಡನಾಯಕರಾದಾಗ. ಕಾರ್ಯಪ್ಪ ಮತ್ತು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಇದರ ಒಂದೊಂದು ಅಡೆತಡೆಯನ್ನೂ ದಾಟಿ ಬಂದವರು.

1917ಕ್ಕೆ ಮೊದಲು ಭಾರತೀಯ ಸೈನಿಕ ಏರಬಹುದಾಗಿದ್ದ ಮೆಟ್ಟಿಲು ಮೂರೇ: ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್. ತಲೆ ನರೆತ ಸುಬೇದಾರ್ ಮೇಜರನೂ ಆಗಷ್ಟೇ ಇಂಗ್ಲೆಂಡಿನಿಂದ ಬಂದಿಳಿದ ಬ್ರಿಟಿಷ್ ಲೆಫ್ಟಿನೆಂಟನಿಗೆ ಕಿರಿಯನೇ. ದೇಶೀ ಸಂಸ್ಥಾನಗಳ ಪಡೆಗಳಲ್ಲಿ ಸ್ಥಿತಿ ಬೇರೆಯಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಒಂದಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸಂಸ್ಥಾನದ ಅಧಿಕಾರಿಗಳೇ ಇದ್ದರು. ಕುದುರೆ ಸಾಕುವುದರಿಂದ ಹಿಡಿದು ದಳ ನಡೆಸುವವರೆಗೆ ಮೈಸೂರಿನವರಿಗೆ ಪಳಗಿದ ಕೈ ಇತ್ತು. ಭಾರತೀಯರಿಗೆ ನಾಯಕತ್ವ ಒಗ್ಗದು ಎಂಬ ವಾದಕ್ಕೆ ಉತ್ತರ ಹೀಗೆ ಕಣ್ಣೆದುರೇ ಇದ್ದರೂ ಸಿಮ್ಲಾದ ಸೇನಾ ಕಚೇರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಮಹಾಯುದ್ಧದ ಒತ್ತಡದಲ್ಲಿ, 1917ರ ಆಗಸ್ಟ್‌ನಲ್ಲಿ, ಒಂಬತ್ತು ಭಾರತೀಯರಿಗೆ ರಾಜನ ಕಮಿಷನ್, ಅಂದರೆ ಬ್ರಿಟಿಷರಿಗೆ ಸಮನಾದ ಅಧಿಕಾರಿ ಪದವಿ, ಸಿಕ್ಕಿತು. ಮುಂದಿನ ವರ್ಷ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಯಲ್ಲಿ ವರ್ಷಕ್ಕೆ 10 ಸ್ಥಾನಗಳನ್ನು ಭಾರತೀಯರಿಗೆ ಕಾಯ್ದಿರಿಸಲಾಯಿತು. ಇಂದೋರಿನ ಡ್ಯಾಲಿ ಕಾಲೇಜಿನಲ್ಲಿ ತೆರೆದ ತಾತ್ಕಾಲಿಕ ತರಬೇತಿ ಶಾಲೆಯಿಂದ ಕಾರ್ಯಪ್ಪ 1919ರಲ್ಲಿ ಅಧಿಕಾರಿಯಾಗಿ ಹೊರಬಂದರು. ವರ್ಷಕ್ಕೆ ಹತ್ತರಂತೆ ಹೋದರೆ ತಲೆಮಾರುಗಳೇ ಬೇಕಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಪಿ.ಎಸ್. ಶಿವಸ್ವಾಮಿ ಅಯ್ಯರ್, ಪ್ರತಿವರ್ಷದ ಕಮಿಷನ್‌ಗಳಲ್ಲಿ ಕಾಲು ಭಾಗವಾದರೂ ಭಾರತೀಯರಿಗೆ ಸಿಗಬೇಕೆಂದು ನಿರ್ಣಯ ತಂದರು. ಸೇನೆಯದೇ ಷೇ ಸಮಿತಿ ಸಂಪೂರ್ಣ ಭಾರತೀಕರಣಕ್ಕೆ ಮೊದಲು 42 ವರ್ಷ, ಬಳಿಕ 30 ವರ್ಷದ ಯೋಜನೆ ಮುಂದಿಟ್ಟಿತು. ಲಂಡನ್ ಅದನ್ನೂ ಅವಸರವೆಂದು ತಳ್ಳಿಹಾಕಿತು.

ಅದರ ಬದಲಿಗೆ 1923ರ ಫೆಬ್ರುವರಿಯಲ್ಲಿ ಬಂದದ್ದು ಎಂಟು ತುಕಡಿಗಳ ಯೋಜನೆ. ಇಡೀ ಸೇನೆಯಲ್ಲಿ ಎರಡು ಅಶ್ವದಳ ಹಾಗೂ ಆರು ಕಾಲಾಳು ತುಕಡಿಗಳನ್ನು ಆರಿಸಿ, ಭಾರತೀಯ ಅಧಿಕಾರಿಗಳನ್ನೆಲ್ಲ ಅವುಗಳಿಗೇ ಸೇರಿಸುವುದು ಇದರ ತಿರುಳು. ಪ್ರಯೋಗ ಎಂದು ಕರೆದರೂ ಯಾವ ಬ್ರಿಟಿಷ್ ಅಧಿಕಾರಿಯೂ ಭಾರತೀಯನ ಕೈಕೆಳಗೆ ದುಡಿಯುವ ಸಂದರ್ಭ ಬರಬಾರದೆಂಬುದೇ ಇದರ ಉದ್ದೇಶ. ಪರಿಣಾಮ ಬಡ್ತಿಯ ಮೇಲಾಯಿತು. ಎಲ್ಲರೂ ಎಂಟೇ ತುಕಡಿಗಳಲ್ಲಿ ಕಿಕ್ಕಿರಿದಾಗ ಮೇಲಿನ ಹುದ್ದೆಗಳೂ ಅಷ್ಟಕ್ಕೇ ಸೀಮಿತ. ಅಲ್ಲಿದ್ದ ಬ್ರಿಟಿಷ್ ಹಿರಿಯರು ತೆರವು ಮಾಡುವವರೆಗೆ ಕಾಯಬೇಕು. ಮುಂದೆ ಈ ತುಕಡಿಗಳಲ್ಲಿ ಜಮಾದಾರ್, ಸುಬೇದಾರರ ಜಾಗಕ್ಕೇ ಭಾರತೀಯ ಅಧಿಕಾರಿಗಳನ್ನು ತಂದು ಕೂರಿಸಲಾಯಿತು. ಬೇರೆಡೆ ಅದೇ ದರ್ಜೆಯ ಬ್ರಿಟಿಷ್ ಅಧಿಕಾರಿ ಕಂಪನಿ ನಡೆಸುತ್ತಿದ್ದರೆ ಇಲ್ಲಿ ಭಾರತೀಯನ ಪಾಲಿಗೆ ಅದಕ್ಕಿಂತ ಚಿಕ್ಕದಾದ ಪ್ಲಟೂನ್. ಕಾರ್ಯಪ್ಪನವರ 1/7 ರಜಪೂತ, 1926ರಲ್ಲಿ ಕಮಿಷನ್ ಪಡೆದ ತಿಮ್ಮಯ್ಯನವರ 4/19 ಹೈದರಾಬಾದ್ ಎರಡೂ ಈ ಎಂಟರಲ್ಲಿ ಸೇರಿದ್ದವು.

ಯೋಜನೆಯನ್ನು ಕೈಬಿಡಿ ಎಂದದ್ದು ರಾಜಕಾರಣಿಗಳಷ್ಟೇ ಅಲ್ಲ. ಜನರಲ್ ಸ್ಟಾಫ್‌ನ ಮುಖ್ಯಸ್ಥ ಆಂಡ್ರ್ಯೂ ಸ್ಕೀನ್ ಅಧ್ಯಕ್ಷತೆಯ, ಜಿನ್ನಾ ಸದಸ್ಯರಾಗಿದ್ದ ಸಮಿತಿಯೂ ಅದನ್ನೇ ಹೇಳಿತು. 1952ರೊಳಗೆ ಅಧಿಕಾರಿಗಳಲ್ಲಿ ಅರ್ಧದಷ್ಟು ಭಾರತೀಯರಿರಬೇಕೆಂದೂ ಸೂಚಿಸಿತು. ಸರ್ಕಾರ ಸ್ಯಾಂಡ್‌ಹರ್ಸ್ಟ್‌ನ ಸ್ಥಾನಗಳನ್ನು ಒಂದಿಷ್ಟು ಹೆಚ್ಚಿಸಿ ಸುಮ್ಮನಾಯಿತು, ಪ್ರತ್ಯೇಕ ತುಕಡಿಗಳನ್ನು ಉಳಿಸಿಕೊಂಡಿತು. 1932ರಲ್ಲಿ ಡೆಹ್ರಾಡೂನಿನಲ್ಲಿ ಸೇನಾ ಅಕಾಡೆಮಿ ತೆರೆದಾಗಲೂ ಅಲ್ಲಿಂದ ಹೊರಬಂದವರಿಗೆ ಸ್ಯಾಂಡ್‌ಹರ್ಸ್ಟ್‌ನಿಂದ ಬಂದವರಿಗಿಂತ ಸಂಬಳ ಕಡಿಮೆ, ಬ್ರಿಟಿಷ್ ಸೈನಿಕರ ಮೇಲೆ ಅಧಿಕಾರವಿಲ್ಲ.

1933ರಲ್ಲಿ ಕಾರ್ಯಪ್ಪ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯರಾದರು. ಅಲ್ಲಿ ತೇರ್ಗಡೆಯಾದವರಿಗೆ ಸ್ಟಾಫ್ ಹುದ್ದೆ ಕೊಡುವುದು ವಾಡಿಕೆ. ಕಾರ್ಯಪ್ಪ ಮಾತ್ರ ಸುಮಾರು ಎರಡು ವರ್ಷ ತಮ್ಮ ರೆಜಿಮೆಂಟಿನಲ್ಲೇ ಉಳಿಯಬೇಕಾಯಿತು.

ಗೋಡೆಯನ್ನು ಕೆಡವಿದ್ದು ಎರಡನೆಯ ಮಹಾಯುದ್ಧ. ಅಧಿಕಾರಿಗಳ ಕೊರತೆ ಬಿದ್ದಾಗ ಎಲ್ಲ ತುಕಡಿಗಳೂ ಭಾರತೀಯರಿಗೆ ತೆರೆದುಕೊಂಡವು. 1939ರಲ್ಲಿ ಸಾವಿರಕ್ಕೂ ಕಡಿಮೆಯಿದ್ದ ಭಾರತೀಯ ಅಧಿಕಾರಿಗಳು 1945ರ ಹೊತ್ತಿಗೆ ಹಲವು ಸಾವಿರವಾದರು. 1942ರಲ್ಲಿ ಕಾರ್ಯಪ್ಪ ಬೆಟಾಲಿಯನ್ನಿನ ಹೊಣೆ ಹೊತ್ತ ಮೊದಲ ಭಾರತೀಯರೆನಿಸಿದರು. ಬರ್ಮಾದ ಅರಾಕಾನ್ ಕರಾವಳಿಯ ಕಾಂಗಾವ್‌ನಲ್ಲಿ, 1945ರ ಆರಂಭದಲ್ಲಿ, 51ನೆಯ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳನ್ನು ನಡೆಸಿದವರು ಭಾರತೀಯರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್, ಎಲ್.ಪಿ. ಸೇನ್. ಮೂವರಿಗೂ ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕ ಬಂತು. ಅದೇ ವರ್ಷ ತಿಮ್ಮಯ್ಯ 36ನೆಯ ಬ್ರಿಗೇಡಿನ ದಂಡನಾಯಕರಾದರು. ಆ ಯುದ್ಧದಲ್ಲಿ ಕಾಲಾಳು ಬ್ರಿಗೇಡನ್ನು ರಣರಂಗದಲ್ಲಿ ನಡೆಸಿದ ಭಾರತೀಯ ಅವರೊಬ್ಬರೇ. ಇಪ್ಪತ್ತು ವರ್ಷ ಕಡತಗಳಲ್ಲಿ ಬೆಳೆಸಿದ ಅನುಮಾನಗಳಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿರಲಿಲ್ಲ.

ಆದರೆ ಕಳೆದ ಕಾಲ ಮರಳಿ ಬರುವಂತಿರಲಿಲ್ಲ. 1947ರ ಆರಂಭದಲ್ಲಿ ಬ್ರಿಗೇಡಿಯರ್‌ಗಿಂತ ಮೇಲಿನ ದರ್ಜೆಯಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಅನುಭವಿಗಳಿಲ್ಲವೆಂಬ ಕಾರಣ ಕೊಟ್ಟು ಸ್ವತಂತ್ರ ಭಾರತದ ಸೇನೆಯನ್ನು ಬ್ರಿಟಿಷ್ ಜನರಲ್‌ಗಳಾದ ಮೊದಲು ಲಾಕ್‌ಹಾರ್ಟ್, ನಂತರ ಬುಚರ್ ಕೈಗೆ ಒಪ್ಪಿಸಬೇಕಾಯಿತು. ಆ ಅನುಭವ ಸಿಗದಂತೆ ಮಾಡಿದ್ದು ಅದೇ ಎಂಟು ತುಕಡಿಗಳ ವ್ಯವಸ್ಥೆ. ಭಾರತೀಯ ಅಧಿಕಾರಿಗಳ ಪ್ರವೇಶ ಇನ್ನೂ ತಡವಾಗಿದ್ದ ವಾಯುಸೇನೆ, ನೌಕಾಸೇನೆಗಳಲ್ಲಿ ಕಾಯುವಿಕೆ ಇನ್ನಷ್ಟು ಉದ್ದವಾಯಿತು. ಸುಬ್ರೊತೊ ಮುಖರ್ಜಿ ವಾಯುಸೇನೆಯ ಮುಖ್ಯಸ್ಥರಾದದ್ದು 1954ರಲ್ಲಿ, ಆರ್.ಡಿ. ಕಟಾರಿ ನೌಕಾಸೇನೆಯ ಮುಖ್ಯಸ್ಥರಾದದ್ದು 1958ರಲ್ಲಿ.