ಖಿಲಾರಿಯ ತಲೆ ಹಿಡಿದವರು

ಮಹಾರಾಷ್ಟ್ರದ ನಮ್ಮ ಯಳವಿ ಕಡೆ ಎತ್ತು ಅಂದರೆ ಖಿಲಾರಿ. ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೋಡು, ಬಿರುಸು ನಡಿಗೆ, ಬೇಗ ಕೆರಳುವ ಸ್ವಭಾವ. ಅಜ್ಜನ ಕಾಲದಲ್ಲಿ ಎಲ್ಲಕ್ಕಿಂತ ಅಂಜಿಕೆಯ ಕೆಲಸ ಲಾಳ ಬಡಿಸುವುದು. ಹಗ್ಗ ಹಾಕಿ ಎತ್ತನ್ನು ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟುತ್ತಿದ್ದರು. ಕೋಡು ಹಿಡಿದು ತಲೆ ಒತ್ತಿ ಕೂತವನ ಕೈ ಸಡಿಲಾದರೆ ಲಾಳ ಬಡಿಯುವವನ ಜೀವಕ್ಕೇ ಬರುತ್ತಿತ್ತು. ಅಜ್ಜ ಆ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬೀಜದ ಹೋರಿಯಾದರೆ ಮೂಗುದಾರದ ಎರಡೂ ಬದಿಗೆ ಹಗ್ಗ, ಹಗ್ಗಕ್ಕೊಬ್ಬ ಆಳು. ಅದೇ ಸರಿಯಾದ ಪದ್ಧತಿ, ಈಗಲೂ.

ಇದೇ ಖಿಲಾರಿ ಓಡುವ ಗಾಡಿ ಶರ್ಯತ್ತನ್ನು, ಅಂದರೆ ಎತ್ತಿನ ಗಾಡಿ ಓಟವನ್ನು, 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಅದಕ್ಕೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು. ಓಟ ಮರಳಿತು. ಆದರೆ ಓಡಿ ಬರುವ ಜೋಡಿಯ ಎದುರಿಗೇ ಹುಡುಗರು ಮೊಬೈಲು ಹಿಡಿದು ನಿಂತರೆ ನನ್ನ ಎದೆ ನಡುಗುತ್ತದೆ.